ಎಂಜಿನ್ನಿನ ಸುತ್ತಳತೆ

ಬೆಳಿಗ್ಗೆ ಒಂಬತ್ತು ಗಂಟೆಗೆ ದೋಣಿಯ ಎಂಜಿನ್ ಪೆಟ್ಟಿಗೆಯ ಮುಚ್ಚಳ ಮುಚ್ಚಲಿಲ್ಲ. ಒಂದು ಗೇಣು ಮೇಲೆಯೇ ನಿಂತಿತು. ಮುಂದೆ ದಿನವಿಡೀ ನಡೆದದ್ದಕ್ಕೆಲ್ಲ ಆ ಒಂದು ಗೇಣೇ ಮೂಲ.

"ಅಳತೆ ನೀವೇ ತಂದಿದ್ದಲ್ವಾ ಕ್ಯಾಪ್ಟನ್?" ಎಂದ ಮೆಕ್ಯಾನಿಕ್. ಅವನು ಮುಚ್ಚಳದ ಮೇಲೆ ಕೂತು ತನ್ನ ಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದ.

ಕ್ಯಾಪ್ಟನ್ ಸೈನ್ಯದಲ್ಲಿದ್ದವನಲ್ಲ, ಹಡಗನ್ನಂತೂ ಕಂಡವನೇ ಅಲ್ಲ. ಬೀದಿಯ ಮೂಲೆಯಲ್ಲಿ ಪ್ಯಾಂಟು ಹೊಲಿಯುವ ದರ್ಜಿ. ಎರಡು ವರ್ಷದ ಹಿಂದೆ ಕೆರೆಯಲ್ಲಿ ಸುತ್ತಾಡಲೆಂದು ಈ ಪುಟ್ಟ ದೋಣಿ ಕೊಂಡಾಗ ಬೀದಿಯವರು ಆ ಹೆಸರಿಟ್ಟರು. ಇಟ್ಟವರು ಗೇಲಿಗೆ ಇಟ್ಟರು. ಅವನು ಬಿರುದೆಂದೇ ತಿಳಿದ.

"ಸುತ್ತಳತೆ ಸರಿಯಾಗೇ ಇತ್ತಪ್ಪ. ಹಳೇ ಪೆಟ್ರೋಲ್ ಎಂಜಿನ್ನಿಗೂ ಈ ಡೀಸೆಲ್ಲಿಗೂ ಅರ್ಧ ಇಂಚೂ ವ್ಯತ್ಯಾಸ ಇಲ್ಲ."

"ಸುತ್ತಳತೆನಾ?" ಮೆಕ್ಯಾನಿಕ್ ಒತ್ತುವುದನ್ನು ನಿಲ್ಲಿಸಿದ. "ಎತ್ತರ ನೋಡ್ಲಿಲ್ವಾ?"

ಕ್ಯಾಪ್ಟನ್ ಕತ್ತಿನಲ್ಲಿ ನೇತಾಡುತ್ತಿದ್ದ ಟೇಪನ್ನು ಮುಟ್ಟಿ ನೋಡಿಕೊಂಡ. ಮೂವತ್ತು ವರ್ಷ ಊರಿನ ಎದೆ, ಸೊಂಟಗಳನ್ನೆಲ್ಲ ಸುತ್ತಿ ಅಳೆದ ಕೈ ಅದು. ಹಳೆ ಸಾಮಾನಿನ ಶೆಡ್ಡಿನಲ್ಲಿ ಡೀಸೆಲ್ ಎಂಜಿನ್ ಕಂಡ ಕೂಡಲೇ ಅದರ ಸೊಂಟಕ್ಕೆ ಟೇಪು ಸುತ್ತಿ, ಚೀಟಿಯಲ್ಲಿ ಬರೆದುಕೊಂಡು, ಖುಷಿಯಿಂದ ಗಾಡಿಗೆ ಹೇರಿಸಿದ್ದ. ಗುಡಾಣಕ್ಕೂ ಬೀರುವಿಗೂ ಒಂದೇ ಸುತ್ತಳತೆ ಇರಬಹುದು ಎಂಬುದು ಅವನಿಗೆ ಹೊಳೆದಿರಲಿಲ್ಲ.

"ಮುಚ್ಚಳ ಕುಯ್ದುಬಿಡು," ಎಂದ. "ಇವತ್ತು ದೋಣಿ ಹೊರಡಲೇಬೇಕು."

ಅವಸರಕ್ಕೆ ಕಾರಣ ಹೆಂಡತಿ. ದೋಣಿ ಕೊಂಡ ದಿನ ಅವಳು ಒಂದೇ ಒಂದು ಸಲ ಹತ್ತಿದ್ದಳು. ಆವತ್ತು ದೋಣಿಕಟ್ಟೆಯ ಕಂಬ ಮೂರು ಸಲ ಅಡ್ಡ ಬಂತು, ಹಾಗೆಂದು ಕ್ಯಾಪ್ಟನ್ ಹೇಳುತ್ತಾನೆ. ಇಳಿದವಳೇ, "ಈ ಪೆಟ್ರೋಲ್ ವಾಸನೆಗೆ ತಲೆ ಸುತ್ತುತ್ತೆ ರೀ. ಬೆಂಕಿ ಗಿಂಕಿ ಹತ್ಕೊಂಡ್ರೆ? ಪೆಟ್ರೋಲ್ ಇರೋವರೆಗೂ ನಾನು ಹತ್ತಲ್ಲ" ಎಂದಿದ್ದಳು. ಅಲ್ಲಿಂದ ಅವನು ಭಾನುವಾರಗಳನ್ನೆಲ್ಲ ಡೀಸೆಲ್ ಎಂಜಿನ್ ಹುಡುಕುತ್ತಾ ಕಳೆದ. ಕೊನೆಗೆ ಹೋದ ವಾರ ಅವಳು ಗಡುವು ಕೊಟ್ಟಳು: "ಬರೋ ಭಾನುವಾರ ಹೊತ್ತು ಮುಳುಗೋದ್ರೊಳಗೆ ನಾನು ಆ ದೋಣೀಲಿ ಕೂತಿರ್ಬೇಕು. ಇಲ್ಲ ಅಂದ್ರೆ ಮಾರಿಬಿಡಿ. ಭಾನುವಾರಾನೆಲ್ಲ ಅದೇ ತಿಂದುಹಾಕ್ತಿದೆ."

ಅವನು ಒಪ್ಪಿದ್ದ. ಅಂಗಡಿಯಲ್ಲಿದ್ದ ಒಳ್ಳೆಯ ನೀಲಿ ಬಟ್ಟೆಯಲ್ಲಿ ಅವಳಿಗೆಂದೇ ಒಂದು ದಿಂಬು ಹೊಲಿದು, ಅಂಚಿಗೆ ಬಿಳಿ ಪಟ್ಟಿ ಕೂಡಿಸಿದ್ದ. ಎಂಜಿನ್ ಪೆಟ್ಟಿಗೆಯ ಮುಚ್ಚಳವೇ ಅವಳು ಕೂರಬೇಕಾಗಿದ್ದ ಜಾಗ. ಈಗ ಅಲ್ಲಿ ಎಂಜಿನ್ನಿನ ತಲೆ ಎದ್ದು ನಿಂತಿತ್ತು. ದಿಂಬನ್ನು ತನ್ನ ಸೀಟಿನ ಕೆಳಗೆ ತುರುಕಿದ.

ಒಂದೇ ಒಂದು ವಿಷಯ ಅವನಿಗೆ ಬಗೆಹರಿದಿರಲಿಲ್ಲ. ಪೆಟ್ರೋಲ್ ಎಂಜಿನ್ ಬಿಚ್ಚಿಸಿ ಮೂರು ವಾರವಾಗಿತ್ತು. ಮೆಕ್ಯಾನಿಕ್ ಅದನ್ನು ಆಚೆ ದಡದ ಯಾರಿಗೋ ಕೊಟ್ಟೂ ಆಗಿತ್ತು. ಆದರೂ ಮನೆಯಲ್ಲಿ ಪೆಟ್ರೋಲ್ ವಾಸನೆ ಹೋಗಿರಲಿಲ್ಲ. ಭಾನುವಾರ ಸಂಜೆಯಂತೂ ಮೂಗಿಗೆ ಹೊಡೆಯುತ್ತಿತ್ತು. ಅಂಗಿಗಳನ್ನು ಮೂರು ಮೂರು ಸಲ ಒಗೆದ. ಕೊನೆಗೆ ವಾಸನೆ ತನ್ನ ಚರ್ಮಕ್ಕೇ ಹತ್ತಿದೆ ಎಂದುಕೊಂಡು ಹೆಂಡತಿಯ ಹತ್ತಿರ ಕೂರುವುದನ್ನೂ ಬಿಟ್ಟಿದ್ದ.

ಮೆಕ್ಯಾನಿಕ್ ಮಧ್ಯಾಹ್ನ ಮೂರು ದಾಟಿದ ಮೇಲೆ ಸಾಮಾನು ಕಟ್ಟಿದ.

"ಇನ್ನೊಂದು ವಿಷಯ ಕ್ಯಾಪ್ಟನ್. ಹಳೇದು ಬಲಕ್ಕೆ ತಿರುಗ್ತಿತ್ತು, ಇದು ಎಡಕ್ಕೆ ತಿರುಗುತ್ತೆ. ನೀರಿನೊಳಗಿನ ಫ್ಯಾನು ಬದಲಾಯಿಸ್ಬೇಕು. ಮಂಗಳವಾರ ತರ್ತೀನಿ."

"ಎಡವೋ ಬಲವೋ, ತಿರುಗಿದ್ರೆ ಸಾಕು ಮಾರಾಯ!"

ಅವನು ಹೋದ ಮೇಲೆ ಕ್ಯಾಪ್ಟನ್ ಕಟ್ಟೆಯ ಮೇಲೆ ನಿಂತು ದೋಣಿಯನ್ನು ನೋಡಿದ. ಡೀಸೆಲ್ ಎಂಜಿನ್ನಿನ ಭಾರಕ್ಕೆ ಹಿಂಭಾಗ ಕುಕ್ಕರಿಸಿತ್ತು, ಮೂತಿ ಆಕಾಶ ನೋಡುತ್ತಿತ್ತು. ಊಟವಾದ ಮೇಲೆ ಬೆಲ್ಟು ಸಡಿಲಿಸಿ ಕುರ್ಚಿಗೆ ಒರಗಿದ ಗಿರಾಕಿಯ ಹಾಗಿತ್ತು ಅದರ ಭಂಗಿ.

ಅಷ್ಟರಲ್ಲಿ ಬೀದಿಯ ಮೂವರು ಬಂದರು: ಬೇಕರಿಯವ, ನಿವೃತ್ತ ಲೆಕ್ಕದ ಮೇಷ್ಟ್ರು, ವಿಮೆ ಏಜೆಂಟ್. ಯಾರೂ ಕರೆದಿರಲಿಲ್ಲ. ಮೂವರ ಬಾಯಲ್ಲೂ ಸಲಹೆ ಸಿದ್ಧವಾಗಿತ್ತು.

"ಮುಳುಗ್ತಿದೆ," ಎಂದರು ಮೇಷ್ಟ್ರು.

"ಮುಳುಗೋದಕ್ಕೂ ನಮ್ಮಲ್ಲಿ ಒಂದು ಪಾಲಿಸಿ ಇದೆ," ಎಂದ ಏಜೆಂಟ್.

"ಏನಾಗಿದೆ ನೋಡ್ತೀನಿ ತಡೀರಿ," ಎಂದು ಬೇಕರಿಯವ ದೋಣಿಯ ಮುಂಭಾಗಕ್ಕೆ ಕಾಲಿಟ್ಟ. ಅವನು ತಾನು ಮಾಡಿದ್ದನ್ನೆಲ್ಲ ತಾನೇ ರುಚಿ ನೋಡುವ ಬೇಕರಿಯವ. ಮೂತಿ ತಕ್ಷಣ ಅರ್ಧ ಅಡಿ ಇಳಿಯಿತು.

ಕ್ಯಾಪ್ಟನ್ನನ ಕಣ್ಣು ಹೊಳೆಯಿತು. "ಅಲ್ಲೇ ಕೂತ್ಕೊಳ್ಳಿ! ಮೇಷ್ಟ್ರೇ, ನೀವೂ ಹತ್ತಿ. ಏಜೆಂಟ್ರೇ, ಬನ್ನಿ, ಬನ್ನಿ!"

ಮೂವರೂ ಮುಂದಿನ ಹಲಗೆಯಲ್ಲಿ ಒತ್ತರಿಸಿ ಕೂತಾಗ ದೋಣಿ ತಕ್ಕಡಿಯ ಹಾಗೆ ಸಮವಾಗಿ ನಿಂತಿತು. ಒಬ್ಬ ಎದ್ದರೂ ಹಿಂದಿನಿಂದ ನೀರು ಒಳಗಿಣುಕುತ್ತಿತ್ತು. ಒಂದು ಸುತ್ತು ಹೋಗಿ ನೋಡಿಕೊಂಡು ಬಂದು, ಇವರನ್ನಿಳಿಸಿ ಮರಳಿನ ಚೀಲ ಇಟ್ಟರಾಯಿತು ಎಂದು ಕ್ಯಾಪ್ಟನ್ ಲೆಕ್ಕ ಹಾಕಿದ. ಈಚಿನ ಭಾನುವಾರಗಳಂತೆ ಇವತ್ತೂ ಹೆಂಡತಿ ಆಚೆ ದಡದ ತಂಗಿಯ ಮನೆಗೆ ಹೋಗಿದ್ದಳು. ಐದಕ್ಕೆ ಕಟ್ಟೆಯ ಬಳಿ ಬರುತ್ತೇನೆ ಎಂದಿದ್ದಳು. ಇನ್ನೂ ಒಂದು ಗಂಟೆ ಇತ್ತು.

ಎಂಜಿನ್ ಶುರುವಾಯಿತು. ಗಿರಣಿಯೊಂದು ಕೆಮ್ಮಿದ ಸದ್ದು. ಕಟ್ಟೆಯ ಮೇಲಿನ ಕಾಗೆಗಳೆಲ್ಲ ಎದ್ದು ಹೋದವು. ಕ್ಯಾಪ್ಟನ್ ಹಗ್ಗ ಬಿಚ್ಚಿ, ಎದೆ ಸೆಟೆಸಿ, ಗೇರನ್ನು ಮುಂದಕ್ಕೆ ತಳ್ಳಿದ.

ದೋಣಿ ಹಿಂದಕ್ಕೆ ಹೊರಟಿತು.

"ಎಲ್ಲಿಗ್ರೀ?" ಎಂದರು ಮೇಷ್ಟ್ರು.

"ಮುಂದಕ್ಕೆ," ಎಂದ ಕ್ಯಾಪ್ಟನ್. ವೇಗ ಹೆಚ್ಚಿಸಿದ. ದೋಣಿ ಇನ್ನೂ ಜೋರಾಗಿ ಹಿಂದಕ್ಕೆ ಓಡಿತು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಒಂದು ಕಡೆ, ಬಲಕ್ಕೆ ತಿರುಗಿಸಿದರೆ ಮತ್ತೂ ಯಾವುದೋ ಕಡೆ. ದಡದಲ್ಲಿ ಕೂತಿದ್ದ ಜನ ಕೈ ಬೀಸಿದರು. ಬೇಕರಿಯವ ಬೀಳ್ಕೊಡುಗೆ ಎಂದುಕೊಂಡು ತಾನೂ ಬೀಸಿದ.

"ಗೇರ್ ಹಿಂದಕ್ಕೆ ಹಾಕಿ ನೋಡಬಾರ್ದಾ?" ಎಂದು ಅವನೇ ಕೇಳಿದ.

ಮೇಷ್ಟ್ರು ಅವನನ್ನು ಹಿಂದಿನ ಬೆಂಚಿನ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು. "ಹಿಂದಕ್ಕೆ ಹೋಗ್ತಿರೋದಕ್ಕೆ ಹಿಂದಿನ ಗೇರೇನಯ್ಯಾ? ಮೈನಸ್ಸಿಗೆ ಮೈನಸ್ ಕೂಡಿದ್ರೆ ಇನ್ನೂ ದೊಡ್ಡ ಮೈನಸ್ಸು. ಆಚೆ ದಡಕ್ಕೆ ಗುದ್ದುತ್ತೆ, ಅಷ್ಟೇ."

ಕ್ಯಾಪ್ಟನ್ನನಿಗೂ ಹಾಗೇ ಅನ್ನಿಸಿತು. ಅವನು ಎಂಜಿನ್ ಆಫ್ ಮಾಡಿದ. ದೋಣಿ ಕೆರೆಯ ನಟ್ಟನಡುವೆ ನಿಂತಿತು.

ಒಂದು ಗಂಟೆ ಕಳೆಯಿತು. ಹುಟ್ಟು ಇರಲಿಲ್ಲ, ಡೀಸೆಲ್ ಇರುವಾಗ ಹುಟ್ಟು ಯಾಕೆ ಎಂದು ಬೆಳಿಗ್ಗೆ ಅವನೇ ಕಟ್ಟೆಯ ಮೇಲೆ ಇಳಿಸಿದ್ದ. ಮೇಷ್ಟ್ರು ಕೈಯಲ್ಲಿ ನೀರು ಹಿಂದಕ್ಕೆ ತಳ್ಳಿ ನೋಡಿದರು. ಏಜೆಂಟ್ ಪಾಲಿಸಿ ವಿವರಿಸಿದ. ಎದ್ದು ಹೋಗಲು ಜಾಗವಿಲ್ಲದ ಗಿರಾಕಿಗಳು ಅವನಿಗೆ ಜೀವಮಾನದಲ್ಲಿ ಸಿಕ್ಕಿದ್ದು ಅದೇ ಮೊದಲು. ಕ್ಯಾಪ್ಟನ್ ಮಾತ್ರ ಸೂರ್ಯನನ್ನೇ ನೋಡುತ್ತಿದ್ದ. ಕೂತಲ್ಲಿ ಕೂರಲಾಗದು, ಎದ್ದರೆ ದೋಣಿ ವಾಲುತ್ತದೆ. ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಸೂರ್ಯ ಆಚೆ ದಡದ ಮರಗಳಿಂದ ಎರಡು ಬೆರಳು ಮೇಲಿದ್ದ.

ಆಗ ಆಚೆ ದಡದಿಂದ ಒಂದು ಸದ್ದು ಬಂತು. ಕ್ಯಾಪ್ಟನ್ನನಿಗೆ ಕಣ್ಣು ಮುಚ್ಚಿದರೂ ಗುರುತು ಸಿಗುವ ಸದ್ದು. ಅವನ ಹಳೆಯ ಪೆಟ್ರೋಲ್ ಎಂಜಿನ್!

ಒಂದು ಸಣ್ಣ ದೋಣಿ ನೇರವಾಗಿ ಅವರತ್ತ ಬರುತ್ತಿತ್ತು. ಅದರಲ್ಲಿ ಇಬ್ಬರು ಹೆಂಗಸರು. ಪಕ್ಕದಲ್ಲಿ ಕೂತವಳು ನಾದಿನಿ. ಸ್ಟೀರಿಂಗ್ ಹಿಡಿದಿದ್ದವಳು ಹೆಂಡತಿ.

ಅವಳು ವೇಗ ತಗ್ಗಿಸಿ, ಕಾಜಾಕ್ಕೆ ಗುಂಡಿ ಕೂರಿಸಿದ ಹಾಗೆ ದೋಣಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು. "ಏನಾಯ್ತು ರೀ?"

ಕ್ಯಾಪ್ಟನ್ನನ ಮೂಗು ಮೊದಲು ಕೆಲಸ ಮಾಡಿತು. ಭಾನುವಾರ ಸಂಜೆಯ ಆ ವಾಸನೆ ಯಾರ ಬಟ್ಟೆಯದೆಂದು ಗೊತ್ತಾಯಿತು.

"ಮುಂದಕ್ಕೆ ಹಾಕಿದ್ರೆ ಹಿಂದಕ್ಕೆ ಹೋಗುತ್ತಮ್ಮ," ಎಂದು ಬೇಕರಿಯವನೇ ದೂರು ಹೇಳಿದ.

"ಹೌದಾ?" ಅವಳು ಸೂರ್ಯನ ಕಡೆ ನೋಡಿದಳು. "ಮಾತು ಕೊಟ್ಟಿದೀನಿ, ಹತ್ತಬೇಕಲ್ಲ. ಜಾಗ ಬಿಡಿ."

ಜಾಗ ಎಲ್ಲಿದೆ? ದೋಣಿಯ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ನಾಲ್ಕು ಜನಕ್ಕೆ ಮಾತ್ರ' ಎಂದು ಬರೆದಿತ್ತು. ಮುಂದಿನ ಮೂವರಲ್ಲಿ ಯಾರೆದ್ದರೂ ಹಿಂಭಾಗ ನೀರಿಗೆ. ಎಲ್ಲರೂ ಕ್ಯಾಪ್ಟನ್ನನನ್ನು ನೋಡಿದರು. ಅವನು ನಾದಿನಿಯ ದೋಣಿಗೆ ದಾಟಿದ. ಹೆಂಡತಿ ಅವನ ಸೀಟಿನಲ್ಲಿ ಕೂತು, ಕೆಳಗಿದ್ದ ನೀಲಿ ದಿಂಬನ್ನು ಎಳೆದು ಬೆನ್ನಿಗೆ ಕೊಟ್ಟುಕೊಂಡಳು. "ಚೆನ್ನಾಗಿ ಹೊಲ್ದಿದೀರಿ," ಎಂದಳು. ಎಂಜಿನ್ ಶುರು ಮಾಡಿ ಗೇರನ್ನು ಹಿಂದಕ್ಕೆಳೆದಳು.

ದೋಣಿ ಮುಂದಕ್ಕೆ ಹೊರಟಿತು.

ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿ, "ಗುಣಿಸಬೇಕಾಗಿತ್ತು," ಎಂದರು.

ಹಿಂದೆ ಉಳಿದ ದೋಣಿಯಲ್ಲಿ ಕ್ಯಾಪ್ಟನ್ ತನ್ನ ಹಳೆಯ ಎಂಜಿನ್ನಿನ ಪಕ್ಕ ಕೂತು ಕೇಳಿದ: "ನಿಮ್ಮಕ್ಕಂಗೆ ಪೆಟ್ರೋಲ್ ಅಂದ್ರೆ ಭಯ ಅಲ್ವಾ?"

"ಪೆಟ್ರೋಲ್ ಏನ್ ಮಾಡುತ್ತೆ ಭಾವ? ಅವಳಿಗೆ ಭಯ ಇದ್ದಿದ್ದು ನಿಮ್ಮ ಸ್ಟೀರಿಂಗಿಗೆ. ಒಂದೇ ಕಂಬಕ್ಕೆ ಮೂರು ಸಲ ಗುದ್ದಿದ್ರಂತಲ್ಲ! ನೇರ ಹೇಳಿದ್ರೆ ನೊಂದ್ಕೋತೀರಿ ಅಂತ ಪೆಟ್ರೋಲ್ ಮೇಲೆ ಹಾಕಿದ್ಳು. ನೀವು ಎಂಜಿನ್ನೇ ಬಿಚ್ಚಿಸ್ತೀರಿ ಅಂತ ಯಾರಿಗ್ ಗೊತ್ತಿತ್ತು? ಚೆನ್ನಾಗಿರೋ ಎಂಜಿನ್ ದಂಡ ಆಗ್ಬಾರ್ದು ಅಂತ ನಾನು ತಗೊಂಡೆ."

"ಓಡಿಸೋದು ಯಾವಾಗ ಕಲಿತ್ಲು?"

"ಮೂರು ಭಾನುವಾರ ಸಾಕಾಯ್ತು."

ಅವರು ದಡ ಮುಟ್ಟುವ ಹೊತ್ತಿಗೆ ಅವಳು ಕಂಬಕ್ಕೆ ತಗುಲಿಸದೆ ದೋಣಿ ನಿಲ್ಲಿಸಿ, ಹಗ್ಗ ಕಟ್ಟಿ ಆಗಿತ್ತು. ಸೂರ್ಯನ ಅಂಚು ಇನ್ನೂ ಮರಗಳ ಮೇಲಿತ್ತು.

"ಹೊತ್ತಿಗೆ ಮುಂಚೆ ಕೂತೆ. ದೋಣಿ ಮಾರೋದು ಬೇಡ," ಎಂದಳು ಹೆಂಡತಿ.

ಕ್ಯಾಪ್ಟನ್ನನ ಜೀವ ಮರಳಿ ಬಂತು. ಇಷ್ಟೆಲ್ಲ ಆಗಿದ್ದು ಇದಕ್ಕೇ ತಾನೆ! ಮೂವರೂ ಇನ್ನೂ ಮುಂದಿನ ಹಲಗೆಯಿಂದ ಎದ್ದಿರಲಿಲ್ಲ. ಸವಾರಿ ಅವರಿಗೆ ಹಿಡಿಸಿತ್ತು.

"ಕ್ಯಾಪ್ಟನ್, ಬರೋ ವಾರ ಎಷ್ಟೊತ್ತಿಗೆ ಹೊರಡೋಣ?" ಎಂದು ಬೇಕರಿಯವ ಕೂಗಿದ.

"ನಾಲ್ಕಕ್ಕೆ," ಎಂದ ದರ್ಜಿ, ಎದೆ ಸೆಟೆಸಿ.

ಬೇಕರಿಯವ ಅವನತ್ತ ತಿರುಗಲಿಲ್ಲ. ದರ್ಜಿಯ ಹೆಂಡತಿ ಹಗ್ಗದ ಗಂಟು ಬಿಗಿಯುತ್ತಿದ್ದಳು; ಅವನು ಅವಳ ಉತ್ತರಕ್ಕೆ ಕಾಯುತ್ತಿದ್ದ.