ತಲೆಗೆ ನಾಲ್ಕು ಕಡುಬು

ಹಾನುಬಾಳು ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ದಯಾನಂದ ಈ ಸಲದ ಆಯುಧಪೂಜೆಗೆ ಒಂದು ಮಹಾನಿರ್ಧಾರ ಮಾಡಿದ್ದ. ಹಿತಮಿತವಾಗಿ ಉಣ್ಣುವುದು! ಮೊಬೈಲಿನಲ್ಲಿ ಯಾರೋ ಡಾಕ್ಟರು ಹೇಳಿದ್ದನ್ನು ಕೇಳಿ ತಿಂಗಳೊಪ್ಪತ್ತಿನಲ್ಲಿ ಎರಡು ಕೆ.ಜಿ. ಇಳಿದಿದ್ದ ಅವನಿಗೆ, ಇಡೀ ಮನುಕುಲವನ್ನೇ ಇಳಿಸಿಬಿಡುವ ಹುಮ್ಮಸ್ಸು ಬಂದಿತ್ತು.

"ನೀವ್ ಕಡ್ಮೆ ತಿನ್ನಿ, ಯಾರ್ ಬ್ಯಾಡ ಅಂದ್ರು? ಊರೋರ್ ಹೊಟ್ಟೆ ಉಸಾಬರಿ ನಿಮ್ಗ್ಯಾಕೆ?" ಎಂದಳು ಹೆಂಡತಿ ಸುಮನಾ.

"ನಿಂಗೆ ಸೈನ್ಸ್ ಗೊತ್ತಾಗಲ್ಲ ಕಣೇ!"

ಸೈನ್ಸು ಸೀದಾ ಎಸ್ಟೇಟಿನ ಸಾಹುಕಾರರ ಜಗಲಿ ಹತ್ತಿತು. "ಹೋದ್ವರ್ಷ ಹಬ್ಬದೂಟಕ್ಕೆ ಆಳಿಗೆ ಎಂಟೆಂಟು ಕಡುಬು ಹೋಗೈತೆ ಸಾರ್. ಮನುಷ್ಯಂಗೆ ನಾಲ್ಕು ಧಾರಾಳ ಸಾಕು." ಇಂಥ ವಿಜ್ಞಾನಿಯೊಬ್ಬನಿಗಾಗಿಯೇ ವರ್ಷಗಟ್ಟಲೆ ಕಾದಿದ್ದವರಂತೆ ಸಾಹುಕಾರರು ಅವನ ಬೆನ್ನು ತಟ್ಟಿದರು. ಅಡುಗೆಯವನಿಗೆ ಆಗಲೇ ಫೋನು ಹೋಯಿತು: ತಲೆಗೆ ನಾಲ್ಕೇ!

ಹಬ್ಬದ ದಿನ ಜೀಪು, ಕಾಫಿಹಣ್ಣು ಸುಲಿಯುವ ಪಲ್ಪರು, ಕತ್ತಿ, ಗುದ್ದಲಿಗಳಿಗೆಲ್ಲ ಪೂಜೆಯಾಗಿ, ಕಾಫಿ ಕಣದಲ್ಲಿ ಆಳುಗಳ ಪಂಕ್ತಿ ಕೂತಿತು. ಬಿಸಿ ಕಡುಬು, ಕೋಳಿ ಸಾರು. ಮಿತಾಹಾರದ ಮಹಾಮಂತ್ರಿಯಂತೆ ದಯಾನಂದ ಕೈ ಹಿಂದೆ ಕಟ್ಟಿಕೊಂಡು ಸಾಲಿನುದ್ದಕ್ಕೂ ನಡೆದ. ನೋಡುತ್ತಾನೆ, ನಾಲ್ಕರಲ್ಲಿ ಜನ ತಿನ್ನುತ್ತಿರುವುದು ಒಂದೇ ಒಂದು! ತನ್ನ ಲೆಕ್ಕವೇ ಜಾಸ್ತಿಯಾಯಿತೇ ಎಂದು ಹಿಗ್ಗುವಷ್ಟರಲ್ಲಿ, ರಾಮಮ್ಮ ಉಳಿದ ಮೂರನ್ನು ಎಲೆಯ ತುಂಡಿನಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡಳು. ಆಳುಗಳ ಲೈನ್ ಮನೆಯಲ್ಲಿರುವ ಅವಳು ಎಸ್ಟೇಟಿಗೆಲ್ಲ ಹಳೇ ಆಳು.

"ಇದೇನ್ ರಾಮಮ್ಮ? ತಿನ್ನೋದೊಂದು, ಕಟ್ಟೋದ್ ಮೂರಾ?"

"ಲೈನ್ ಮನೇಲಿ ಮೂರ್ ಜನ ಅವ್ರಲ್ಲ ರೈಟ್ರೇ! ಎದ್ದು ಓಡಾಡಕ್ಕಾಗ್ದಿರೋ ಗಂಡ, ಎರಡ್ ಮೊಮ್ಮಕ್ಳು. ಪ್ರತಿ ವರ್ಷ ಇಲ್ಲಿಂದ್ಲೇ ಅಲ್ವಾ ಅವ್ರಿಗೆ ಹಬ್ಬ ಹೋಗೋದು? ಹೋದ್ವರ್ಷ ಎಂಟೂ ನಾನೇ ನುಂಗ್ಬುಟ್ಟೆ ಅಂದ್ಕೊಂಡ್ರಾ?"

ಪಂಕ್ತಿ ನಕ್ಕಿತು. ಸಾರು ಬಡಿಸುತ್ತಿದ್ದ ಸುಮನಾ ನಗದೆ ಗಂಡನತ್ತ ತಿರುಗಿದಳು.

"ಇನ್ನೂ ನಿಂತಿದೀರಲ್ಲ! ಹೋಗಿ ಸಾವ್ಕಾರ್ರಿಗೆ ಹೇಳಿ, ಇನ್ನೊಂದ್ ಪಾತ್ರೆ ಬೇಯಿಸ್ಲಿ. ಜನ ಹಸ್ಕೊಂಡ್ ಏಳ್ತಾವ್ರೆ."

ಇಳಿದಿದ್ದ ಎರಡು ಕೆ.ಜಿ. ಆಗ ಉಪಯೋಗಕ್ಕೆ ಬಂತು. ದಯಾನಂದ ಓಡಿದ.

"ಸಾರ್, ತಪ್ಪಾಗ್ಬುಟ್ಟೈತೆ ಸಾರ್. ಯಾರೂ ಒಂದಕ್ಕಿಂತ ಜಾಸ್ತಿ ತಿಂತಿಲ್ಲ. ಉಳಿದಿದ್ನೆಲ್ಲ ಮನೆಗೆ ಕಟ್ಕೊತಾವ್ರೆ..."

ಮುಂದಿನ ಮಾತಿಗೆ ಸಾಹುಕಾರರು ಕಾಯಲಿಲ್ಲ. ಕಣದಂಚಿನ ಕುರ್ಚಿ ಬಿಟ್ಟೆದ್ದು ಪಂಕ್ತಿಯನ್ನು ಕಣ್ತುಂಬ ನೋಡಿದರು. ಎಲ್ಲರ ಮುಂದೆ ಅವನ ಹೆಗಲ ಮೇಲೆ ಕೈ ಹಾಕಿ, ಕಣಕ್ಕೆಲ್ಲ ಕೇಳುವಂತೆ ಕೂಗಿದರು:

"ನೋಡಿದ್ರೇನ್ರೋ! ನಾಲ್ಕು ಕೊಟ್ರೂ ತಿನ್ನಕ್ಕಾಗ್ದೆ ಕಟ್ಕೊತಿದೀರಿ! ನಮ್ ರೈಟ್ರು ಹೇಳಿದ್ ಮಾತಂದ್ರೆ ಮಾತು ಕಣ್ರಪ್ಪಾ. ಮುಂದಿನ್ ವರ್ಷ ಎರಡೇ ಸಾಕು ಬುಡಿ!"