ಇಳಕಲ್ಲಿನಲ್ಲಿ ಗುರುತು ಸಿಗದ ಡ್ರೈವು

ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಮತ್ತೆ ಎಬ್ಬಿಸುವುದು ನನ್ನ ಕೆಲಸ. ಹುನಗುಂದದಿಂದ ಕೆರೂರಿನವರೆಗೆ ಎಲ್ಲಿ ಹೋದರೂ ನಗೆಪಾಟಲಾಗದೆ ಮನೆಗೆ ಬಂದ ದಿನ ಕಡಿಮೆ. ಮೊನ್ನೆ ಇಳಕಲ್ಲಿನ ಒಬ್ಬ ನೇಕಾರರ ಮನೆಯಲ್ಲಂತೂ ಒಂದೇ ದಿನ ಮೂರು ಸಲ ಆಯಿತು.

೧. ಗುರುತು

ಸೀರೆ ಅಂಚಿನ ಹೊಸ ಚಿತ್ರಗಳೆಲ್ಲ ಅವರ ಹಳೆಯ ಕಂಪ್ಯೂಟರಿನೊಳಗೆ, ಕಂಪ್ಯೂಟರು ಏಳುತ್ತಿಲ್ಲ. ಬಾಗಲಕೋಟೆಯ ವ್ಯಾಪಾರಿ ಹನ್ನೆರಡಕ್ಕೆ ಬರುವವರು. ಚಿತ್ರ ತೋರಿಸದಿದ್ದರೆ ಆರ್ಡರು ಬೇರೆಯವರಿಗೆ, ಇವರ ಮಗ್ಗ ಖಾಲಿ. ಚಿತ್ರಗಳನ್ನು ಮುಟ್ಟದೆ ಲಿನಕ್ಸ್ ಏರಿಸೋಣವೆಂದು ಅದರ ಸೀಡಿ ಹಾಕಿದೆ. ಕಂಪ್ಯೂಟರು ಅದೇ ಸೀಡಿಯಿಂದ ಶುರುವಾಗಿ, ಅರ್ಧಕ್ಕೆ ಬಂದು, ಸೀಡಿ ಓದುವ ಡ್ರೈವೇ ಇಲ್ಲ ಎಂದಿತು! ತಾಟಿನಲ್ಲಿ ಉಣ್ಣುತ್ತಲೇ ತಾಟೆಲ್ಲಿ ಎಂದ ಹಾಗೆ.

“ಡ್ರೈವಿನ ಗುರ್ತ ಹತ್ತವಲ್ದ್ರಿ,” ಎಂದೆ.

ನೇಕಾರರ ತಾಯಿ ಬಾಗಿಲಿನಿಂದಲೇ, “ನಮ್ಮ ಮನಿತನದ ಹೆಸರ ಹೇಳಿ ನೋಡ್ರಿ. ಇಳಕಲ್ಲಾಗ ನಮ್ಮ ಗುರ್ತ ಇಲ್ಲದವ್ರು ಯಾರದಾರ?”

೨. ಅಂಚು

ಪೆಟ್ಟಿಗೆ ಬಿಚ್ಚಿ, ಡ್ರೈವಿನ ಪಟ್ಟಿ ಕೇಬಲ್ಲು ತೆಗೆದು ಮತ್ತೆ ಹಾಕಿದೆ. ಈಗ ಸೀಡಿ ಶುರುವಾಗುವುದೂ ನಿಂತಿತು.

ನೇಕಾರರು ಬಗ್ಗಿ ನೋಡಿದರು. “ಕೆಂಪಂಚು ಉಲ್ಟಾ ಐತಲ್ರಿ. ಬಾಜೂಕಿನ ಕೇಬಲ್ಲಿಂದು ಈ ಕಡೆ, ಇದರದು ಆ ಕಡೆ.”

ಖರೇನೇ. ಕೇಬಲ್ಲಿನ ಒಂದು ಅಂಚಿಗಿರುವ ಕೆಂಪು ಗೆರೆ ನೋಡಿಯೇ ಸಿಕ್ಕಿಸಬೇಕು. ನಾಚಿಕೆಯಾಯಿತು.

“ಎಷ್ಟ ವರ್ಷ ಆತ್ರಿ ಈ ಕೆಲಸಾ?”

“ಹದಿನೆಂಟ್ರಿ.”

“ನಮ್ಮಲ್ಲಿ ಅಂಚ ಉಲ್ಟಾ ಹಿಡದವ್ರನ್ನ ಹದಿನೆಂಟ ದಿನಾನೂ ಇಟ್ಕೊಳ್ಳೂದಿಲ್ರಿ.”

೩. ಪೂಜೆ

ಕೇಬಲ್ಲು ಸರಿಯಾದರೂ ಮತ್ತೆ, ಡ್ರೈವೇ ಇಲ್ಲ ಎನ್ನುವ ಅದೇ ಜಾಗಕ್ಕೆ ಬಂದು ನಿಂತಿತು. ಹನ್ನೊಂದೂ ಮುಕ್ಕಾಲು. ನೇಕಾರರು ರಸ್ತೆ ನೋಡುತ್ತಿದ್ದರು. ಕಡೆಗೆ ಡ್ರೈವನ್ನೇ ಬಿಚ್ಚಿ ಸೀಡಿ ಓದುವ ಒಳಗಿನ ಗಾಜನ್ನು ಅರಳೆಯಿಂದ ಒರೆಸಿದೆ. ಅರಳೆ ಕೆಂಪಾಯಿತು!

ತಾಯಿ ಮೆಲ್ಲಗೆ ಹೇಳಿದರು: “ದಸರಾದಾಗ ಖಂಡಿ ಪೂಜಿ ದಿನ ಮಗ್ಗಕ್ಕ, ಮಿಶಿನಿಗೆ ಎಲ್ಲಾಕ್ಕೂ ಪೂಜಿ ಮಾಡಿದ್ನಲ್ರಿ. ಇದರ ಗುಂಡಿ ಒತ್ತಿದ್ರ ಸೀಡಿ ಇಡೂ ತಾಟ ಹೊರಗ ಬಂದು ಕೈ ಚಾಚ್ತು. ಬರಿಗೈಲೆ ಹೆಂಗ ಕಳಸೂದು? ಕುಂಕುಮ ಕೊಟ್ಟೆ.”

ಪೂರ್ತಿ ಒರೆಸಿ ಜೋಡಿಸಿದೆ. ಡ್ರೈವು ಸಿಕ್ಕಿತು! ಲಿನಕ್ಸ್ ಅರ್ಧ ಏರಿತ್ತು, ವ್ಯಾಪಾರಿ ಬಂದೇಬಿಟ್ಟರು. ಕಂಪ್ಯೂಟರಿನ ಮುಂದೆ ನೆಲಕ್ಕೆ ಕೂತು, ಇದೊಂದು ಸಲ ನಿಲ್ಲಬೇಡಪ್ಪಾ ಎಂದು ನಾನು ಕೈಮುಗಿದು ಗೊಣಗುತ್ತಿದ್ದೆ. ಬೆವರು ಒರೆಸಿಕೊಂಡಾಗ ಹಣೆಯ ತುಂಬ ಕುಂಕುಮ ಬಳಿದುಕೊಂಡಿದ್ದು ಗೊತ್ತಿರಲಿಲ್ಲ.

ವ್ಯಾಪಾರಿ ಚಪ್ಪಲಿ ಬಿಟ್ಟು, “ನನಗ ಭಾಳ ಗಡಿಬಿಡಿ ಇತ್ತು. ಆದ್ರ ಪೂಜಿ ನಡಬರಕ ಬಿಟ್ಟ ಹೋಗಬಾರದು,” ಎಂದು ಚಾಪೆಯ ಮೇಲೆ ಕೂತರು. ನಾನು ಮುಗಿದ ಕೈ ಇಳಿಸಲಿಲ್ಲ.

ಅರ್ಧ ಗಂಟೆಗೆ ಪರದೆಯ ಮೇಲೆ ಅಂಚುಗಳು ಮೂಡಿದವು. ವ್ಯಾಪಾರಿ ಎರಡನ್ನು ಆರಿಸಿ ಆರ್ಡರು ಹೇಳಿದರು. ನೇಕಾರರ ಕಣ್ಣು ತುಂಬಿತು.

ಹೊರಡುವಾಗ ವ್ಯಾಪಾರಿ ನನ್ನ ಕಾಲು ಮುಟ್ಟಿ ನಮಸ್ಕರಿಸಿ, ಪಿಸುದನಿಯಲ್ಲಿ ಕೇಳಿದರು: “ಸ್ವಾಮ್ಯಾರ, ನಮ್ಮ ಅಂಗಡಿ ಕಂಪ್ಯೂಟರೂ ಚಾಲೂ ಆಗವಲ್ದು. ರಿಪೇರಿಯವ್ರೆಲ್ಲಾ ಕೈಬಿಟ್ಟಾರ. ಅದಕ್ಕೂ ನಿಮ್ಮ ಕೈಲೇ ಒಂದ ಪೂಜಿ ಮಾಡಸಬೇಕಂತೇನಿ, ಯಾವಾಗ ಬರ್ತೀರಿ?”