ಹಸಿರು ಬಟನ್, ಕೆಂಪು ಬಟನ್ ಮತ್ತು ನಮ್ಮಕ್ಕ

ಕೆಲಸ ಸಲೀಸಾದಷ್ಟೂ ಮನುಷ್ಯನ ಬುದ್ಧಿ ಸೋಮಾರಿಯಾಗುತ್ತದೆ ಎಂದು ನಾನೇನಾದರೂ ಹೇಳಿದರೆ ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿನವರು ಬಿದ್ದು ಬಿದ್ದು ನಗುತ್ತಾರೆ. ಗೇಟಿಗೆ ಮೊಬೈಲ್ ಆ್ಯಪ್ ತರಲೇಬೇಕೆಂದು ಸಭೆಯಲ್ಲಿ ಗಂಟಲು ಹರಿದುಕೊಂಡವನು ನಾನೇ. ಯಾರಾದರೂ ಬಂದರೆ ಸೆಕ್ಯೂರಿಟಿಯವನು ಹೆಸರು, ಫೋಟೋ ಹಾಕುತ್ತಾನೆ, ನಮ್ಮ ಫೋನು ರಿಂಗಾಗುತ್ತದೆ, ಎರಡೇ ಬಟನ್ನು. ಬಲಕ್ಕೆ ಹಸಿರು, ಒತ್ತಿದರೆ ಬರಬಹುದು. ಎಡಕ್ಕೆ ಕೆಂಪು, ಒತ್ತಿದರೆ ಬಂದ ದಾರಿ ಹಿಡಿಯಬಹುದು. "ಕಣ್ಮುಚ್ಕೊಂಡು ಒತ್ತಬಹುದು ಸಾರ್, ಡಿಸೈನ್ ಅಂದ್ರೆ ಹಿಂಗಿರ್ಬೇಕು" ಎಂದು ಭಾಷಣ ಬಿಗಿದಿದ್ದೆ. ಆಮೇಲೆ ನಾನು ಮಾಡಿದ್ದೂ ಅದನ್ನೇ. ಹಾಲಿನವನು, ಗ್ಯಾಸಿನವನು, ಕೊರಿಯರ್‌ನವನು, ಯಾರೇ ಬರಲಿ, ಪೇಪರಿನಿಂದ ಕಣ್ಣೆತ್ತುವ ಮೊದಲೇ ಹೆಬ್ಬೆರಳು ಬಲಕ್ಕೆ ಹೋಗಿ ಒತ್ತಿ ಬಂದಿರುತ್ತಿತ್ತು. ಆದರೆ ಈ ಆ್ಯಪ್ ಮಾಡುವವರಿಗೆ ಒಂದು ಕಾಯಿಲೆ, ಚೆನ್ನಾಗಿರುವುದನ್ನು ಚೆನ್ನಾಗಿರಲು ಬಿಡುವುದಿಲ್ಲ. ಉಪ್ಪಿನ ಡಬ್ಬಿಯ ಜಾಗದಲ್ಲಿ ಸಕ್ಕರೆ ಡಬ್ಬಿ ಇಟ್ಟು "ಹೊಸ ಅನುಭವ" ಎನ್ನುವ ಪೈಕಿ. ಒಂದು ದಿನ ಅಪ್‌ಡೇಟ್ ಬಂತು. ಹಸಿರು ಎಡಕ್ಕೆ ಹೋಯಿತು, ಕೆಂಪು ಬಲಕ್ಕೆ ಬಂತು. ಅವರ ಮನೆ ಹಾಳಾಗ!

ಅದೇ ಹೊತ್ತಿಗೆ ನಮ್ಮೂರಿನದೇ ಇನ್ನೊಂದು ಬಡಾವಣೆ ಶ್ರೀನಗರದಿಂದ ನಮ್ಮಕ್ಕ ಬಂದಳು. ಗಂಡಸಿಗೆ ತವರು ಎಲ್ಲಿಯದು ಎನ್ನುತ್ತಾರೆ; ಅಮ್ಮ ಹೋದ ಮೇಲೂ ನನಗಿತ್ತು, ಅದು ಅಕ್ಕನ ಮನೆ. ಅವರೆಕಾಯಿ ಕಾಲ. ಕಾಳು ನೆನೆಹಾಕಿ, ಒಂದೊಂದನ್ನೂ ಹಿತುಕಿ ಸಿಪ್ಪೆ ತೆಗೆದು, ನನಗೆ ಪ್ರಾಣವಾದ ಬೇಳೆಸಾರು ಮಾಡಿ, ಕ್ಯಾರಿಯರ್ ಹಿಡಿದು ಬಸ್ಸು ಹತ್ತಿದ್ದಳು. ಫೋನ್ ಮಾಡಿ ಬಾರೇ ಎಂದರೆ, "ತಮ್ಮನ ಮನೆಗೆ ಹೇಳಿ ಬರೋಕೆ ನಾನೇನು ನೆಂಟ್ರಾ?" ಎನ್ನುವವಳು. ಗೇಟಿನಿಂದ ನನ್ನ ಫೋನು ರಿಂಗಾಯಿತು. ಬಲಕ್ಕೆ ಒತ್ತಿದೆ, ಪೇಪರ್ ಮಗುಚಿದೆ.

ಸಂಜೆ ಕೆಳಗಿಳಿದಾಗ ನಮ್ಮ ಸೆಕ್ಯೂರಿಟಿ, ವಿಜಯಪುರದ ಕಡೆಯವನು, ತೊಳೆದ ಕ್ಯಾರಿಯರ್ ಹಿಡಿದು ನಿಂತಿದ್ದ. "ಸಾರು ಭಾರಿ ಇತ್ರಿ ಸರ. ನೀವು ಬ್ಯಾಡ ಅಂದ್ರಲ್ಲ, ಅಮ್ಮಾರು ನನಗ ಕೊಟ್ಟು ಹೋದ್ರು." ಕ್ಯಾರಿಯರ್ ಗುರುತು ಸಿಕ್ಕಿತು. ಅಕ್ಕನಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಖಾಲಿ ಪಾತ್ರೆ ವಾಪಸ್ ಕೊಡಬಾರದಲ್ಲ, ಕ್ಯಾರಿಯರ್ ತುಂಬ ಸಕ್ಕರೆ ಹಾಕಿಕೊಂಡು ಬೆಳಿಗ್ಗೆಯೇ ಶ್ರೀನಗರಕ್ಕೆ ಓಡಿದೆ. ಬಾಗಿಲು ತೆರೆಯಲಿಲ್ಲ, ಕಿಟಕಿ ತೆರೆಯಿತು.

"ಯಾರು ಬೇಕಿತ್ತು?"

"ಅಕ್ಕಾ, ನಾನು ಕಣೇ!"

"ಎಲ್ಲಿಂದ ಬಂದ್ರಿ? ಎಂಟ್ರಿ ಮಾಡ್ಸಿದ್ರಾ?"

ಕಿಟಕಿಯ ಕಂಬಿ ಹಿಡಿದು ಅಪ್‌ಡೇಟಿನ ಪುರಾಣವನ್ನೆಲ್ಲ ಬಿಚ್ಚಿದೆ. ಕೆಂಪು, ಹಸಿರು, ಎಡ, ಬಲ, ಡಿಸೈನ್ ಮಾಡಿದವರ ವಂಶಾವಳಿ, ಒಂದನ್ನೂ ಬಿಡಲಿಲ್ಲ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಬಟನ್ ಎತ್ಲಾಗಾದ್ರೂ ಹೋಗ್ಲಿ ಕಣೋ. ಅದ್ರಲ್ಲಿ ನನ್ನ ಫೋಟೋ ಇತ್ತಂತಲ್ಲ, ನನ್ನ ಮುಖಾನೂ ನೋಡ್ಲಿಲ್ವಾ ನೀನು?"

"ತಪ್ಪಾಯ್ತಕ್ಕ. ಇನ್ಮೇಲೆ ನೋಡ್ದೇ ಒತ್ತಲ್ಲ, ನಿನ್ನಾಣೆ."

ಅವಳ ಮುಖ ಸ್ವಲ್ಪ ಸಡಿಲವಾಯಿತು. ಬಾಗಿಲ ಹಿಂದೆ ಚಿಲಕ ಸರಿದ ಸದ್ದು ಕೇಳಿಸಿತು. ಬಾಗಿಲು ಅರ್ಧ ತೆರೆಯಿತು. ಅಷ್ಟರಲ್ಲಿ ಜೇಬಿನಲ್ಲಿ ಗೇಟಿನ ಆ್ಯಪ್ ರಿಂಗಾಯಿತು. ತೆಗೆದೆ, ಒತ್ತಿದೆ, ಜೇಬಿಗಿಟ್ಟೆ.

"ಯಾರೋ ಬಂದಿದ್ದು?" ಎಂದಳು ಅಕ್ಕ.

ನನಗೆ ಗೊತ್ತಿರಲಿಲ್ಲ.

ಅಕ್ಕ ಒಂದು ಗಳಿಗೆ ನನ್ನ ಹೆಬ್ಬೆರಳನ್ನೇ ನೋಡಿದಳು. ಚಿಲಕ ಮತ್ತೆ ಬಿತ್ತು. "ಬಾಗಿಲ ಹತ್ರಾನೇ ಇಟ್ಟು ಹೋಗಿ" ಎಂದು ಒಳಗಿನಿಂದ ದನಿ ಬಂತು. ನಮ್ಮ ಕೊರಿಯರ್‌ನವನಿಗೆ ನಾನು ದಿನಾ ಹೇಳುವ ಮಾತು. ಅವನ ಹಾಗೆಯೇ ಇಟ್ಟು ಬಂದೆ.